ಅಮೆರಿಕದ ಸಾರ್ವಜನಿಕ ಭೂಮಿಯ ಖರೀದಿ, ಮಾರಾಟ, ವಿನಿಮಯದಲ್ಲಿ ನೀರಿನ ಹಕ್ಕನ್ನು ನಿಭಾಯಿಸುವ ಬಗೆ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಜಮೀನೇ ಬೇರೆ, ಆ ಜಮೀನಿಗೆ ಹರಿಯುವ ನೀರೇ ಬೇರೆ. ಕ್ರಯಪತ್ರ ಕೈಗೆ ಬಂದ ಮಾತ್ರಕ್ಕೆ ಕಾಲುವೆಯ ತೂಬು ಎತ್ತುವ ಅಧಿಕಾರವೂ ಬಂದಿತೆಂದು ಭಾವಿಸಿದವರು ಮೊದಲ ಬೇಸಿಗೆಯಲ್ಲೇ ಪೇಚಿಗೆ ಸಿಲುಕುತ್ತಾರೆ. ಇಬ್ಬರು ಖಾಸಗಿಯವರ ನಡುವಿನ ಮಾರಾಟದಲ್ಲೇ ಈ ತೊಡಕಿರುವಾಗ, ಒಂದು ಕಡೆಯವರು ಕೇಂದ್ರ ಸರ್ಕಾರವೇ ಆಗಿದ್ದರೆ ಅದು ಇಮ್ಮಡಿಯಾಗುತ್ತದೆ. ಏಕೆಂದರೆ ಭೂಮಿಯ ವ್ಯವಹಾರ ನಡೆಯುವುದು ಕೇಂದ್ರದ ಕಾಯ್ದೆಯ ಪ್ರಕಾರ, ನೀರಿನ ಹಕ್ಕು ನಿಂತಿರುವುದು ಬಹುಮಟ್ಟಿಗೆ ಆಯಾ ರಾಜ್ಯದ ಕಾನೂನಿನ ಮೇಲೆ. ಕೇಂದ್ರದ ಭೂಮಿಯನ್ನು ನೋಡಿಕೊಳ್ಳುವ ಇಲಾಖೆಗಳಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಥವಾ ಫಾರೆಸ್ಟ್ ಸರ್ವಿಸ್‌ನೊಂದಿಗೆ ಜಮೀನಿನ ವ್ಯವಹಾರಕ್ಕೆ ಇಳಿಯುವವರು ನೀರಿನ ಹಕ್ಕನ್ನು ಹೇಗೆ ಗುರುತಿಸಬೇಕು, ಹೇಗೆ ಪರೀಕ್ಷಿಸಬೇಕು, ಹೇಗೆ ಬೆಲೆ ಕಟ್ಟಿಸಬೇಕು, ಕಾಗದದಲ್ಲಿ ಹೇಗೆ ದಾಟಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಪೂರ್ವದ ರಾಜ್ಯಗಳಲ್ಲಿ ಹೊಳೆದಡದ ಜಮೀನಿನ ಬೆನ್ನಿಗೇ ನೀರು ಬಳಸುವ ಹಕ್ಕೂ ಬರುವ ಪದ್ಧತಿಯಿರುವುದರಿಂದ ಅಲ್ಲಿ ಈ ತಲೆನೋವು ಕಡಿಮೆ. ಆ ಭಾಗವನ್ನು ಇಲ್ಲಿ ಮುಟ್ಟಿಲ್ಲ.

ಭೂಮಿಯಿಂದ ನೀರು ಬೇರೆಯಾದ ಹಿನ್ನೆಲೆ

ಚಿನ್ನ ಹುಡುಕಿ ಪಶ್ಚಿಮಕ್ಕೆ ಹೋದ ಗಣಿಗಾರರು ಸರ್ಕಾರದ ಭೂಮಿಯ ಮೇಲೆಯೇ ಕಾಲುವೆ ತೋಡಿ, ಮೊದಲು ತಿರುಗಿಸಿಕೊಂಡವನಿಗೆ ಮೊದಲ ನೀರು ಎಂಬ ಕಟ್ಟಳೆಯನ್ನು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದರು. 1866ರ ಗಣಿ ಕಾಯ್ದೆ ಈ ಸ್ಥಳೀಯ ಕಟ್ಟಳೆಯನ್ನು ಮಾನ್ಯ ಮಾಡಿತು. 1870ರ ತಿದ್ದುಪಡಿ, ಸರ್ಕಾರ ಮುಂದೆ ಕೊಡುವ ಪ್ರತಿಯೊಂದು ಭೂ ಪೇಟೆಂಟ್ ಅದಾಗಲೇ ಸ್ಥಾಪಿತವಾದ ನೀರಿನ ಹಕ್ಕುಗಳಿಗೂ ಕಾಲುವೆಗಳಿಗೂ ಒಳಪಟ್ಟಿರುತ್ತದೆ ಎಂದಿತು. ಇಲ್ಲಿ ಪೇಟೆಂಟ್ ಎಂದರೆ ಆವಿಷ್ಕಾರದ ಪೇಟೆಂಟ್ ಅಲ್ಲ, ಕೇಂದ್ರ ಸರ್ಕಾರ ತನ್ನ ಭೂಮಿಯನ್ನು ಬಿಟ್ಟುಕೊಡುವಾಗ ಬರೆದುಕೊಡುವ ಹಕ್ಕುಪತ್ರ. 1877ರ ಡೆಸರ್ಟ್ ಲ್ಯಾಂಡ್ ಕಾಯ್ದೆ ಬಂದ ಮೇಲೆ, ದೋಣಿ ಸಂಚಾರಕ್ಕೆ ಒದಗದ ಹೊಳೆಹಳ್ಳಗಳ ನೀರು ಸಾರ್ವಜನಿಕ ಭೂಮಿಯಿಂದ ಕಳಚಿಕೊಂಡು ರಾಜ್ಯಗಳ ನಿಯಮಕ್ಕೆ ಒಳಪಟ್ಟಿತೆಂದು ಸುಪ್ರೀಂ ಕೋರ್ಟ್ 1935ರಲ್ಲಿ ಕ್ಯಾಲಿಫೋರ್ನಿಯಾ ಒರೆಗಾನ್ ಪವರ್ ಕಂಪನಿಯ ಪ್ರಕರಣದಲ್ಲಿ ಹೇಳಿತು. ಕೇಂದ್ರ ಸರ್ಕಾರದ ಪೇಟೆಂಟ್ ಕೈಯಲ್ಲಿದ್ದರೆ ಅದರಲ್ಲಿ ನೀರಿದೆ ಎಂದು ಊಹಿಸುವ ಹಾಗಿಲ್ಲ ಎಂಬುದು ಇದರಿಂದ ವ್ಯವಹಾರದ ಮಟ್ಟಿಗೆ ಹೊರಡುವ ಪಾಠ.

ಇಂದು ನಡೆಯುವ ಹೆಚ್ಚಿನ ವ್ಯವಹಾರಗಳಿಗೆ ಆಧಾರವಾದ 1976ರ ಫೆಡರಲ್ ಭೂನೀತಿ ಮತ್ತು ನಿರ್ವಹಣಾ ಕಾಯ್ದೆಯೂ ನೀರಿನ ಹಕ್ಕುಗಳ ವ್ಯವಸ್ಥೆಯನ್ನು ತಾನು ಅಲುಗಾಡಿಸುವುದಿಲ್ಲವೆಂದು ಬಾಯಿಬಿಟ್ಟು ಹೇಳಿಕೊಂಡಿದೆ. ಅದರ 203ನೆಯ ಸೆಕ್ಷನ್ ಮಾರಾಟಕ್ಕೆ, 205ನೆಯದು ಸರ್ಕಾರ ಜಮೀನು ಪಡೆಯುವುದಕ್ಕೆ, 206ನೆಯದು ವಿನಿಮಯಕ್ಕೆ ಸಂಬಂಧಿಸಿದವು. ವಿನಿಮಯದಲ್ಲಿ ಎರಡೂ ಕಡೆಯ ಜಮೀನು ಒಂದೇ ರಾಜ್ಯದೊಳಗೆ ಇರಬೇಕೆಂಬ ಷರತ್ತು ನೀರಿನ ದೃಷ್ಟಿಯಿಂದ ದೊಡ್ಡ ಅನುಕೂಲ, ಏಕೆಂದರೆ ಎರಡಕ್ಕೂ ಒಂದೇ ರಾಜ್ಯದ ಜಲ ಕಾನೂನು ಅನ್ವಯಿಸುತ್ತದೆ. ಆದರೆ ಎರಡು ತುಂಡುಗಳು ಬೇರೆ ಬೇರೆ ನದೀಕಣಿವೆಗಳಲ್ಲಿದ್ದರೆ ಕಾನೂನು ಒಂದೇ ಆದರೂ ನೀರಿನ ಸರದಿ, ಅಭಾವ, ವ್ಯಾಜ್ಯಗಳು ಪೂರ್ತಿ ಬೇರೆಯಾಗಿರುತ್ತವೆ ಎಂಬುದನ್ನು ಮರೆಯಬಾರದು.

ಮೊದಲು ಹಕ್ಕಿನ ಜಾತಿಯನ್ನು ಗುರುತಿಸಿಕೊಳ್ಳಿ

ಒಂದೇ ಜಮೀನಿನ ಮೇಲೆ ನಾಲ್ಕಾರು ಬಗೆಯ ನೀರು ಹರಿಯಬಹುದು. ಪ್ರತಿಯೊಂದಕ್ಕೂ ವರ್ಗಾವಣೆಯ ದಾರಿ ಬೇರೆ. ರಾಜ್ಯದ ಪರವಾನಗಿಯಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಬಂದ ಹಕ್ಕು ಎಲ್ಲಕ್ಕಿಂತ ಸಾಮಾನ್ಯವಾದದ್ದು. ಇದು ಸ್ಥಿರಾಸ್ತಿಯ ಹಾಗೆಯೇ ಕೈಯಿಂದ ಕೈಗೆ ದಾಟುತ್ತದೆ. ಐಡಹೊ, ಮೊಂಟಾನಾದಂಥ ರಾಜ್ಯಗಳಲ್ಲಿ ಕ್ರಯಪತ್ರ ಏನನ್ನೂ ಹೇಳದಿದ್ದರೆ ನೀರಿನ ಹಕ್ಕು ಜಮೀನಿನ ಅಂಗವಾಗಿ ಹಿಂಬಾಲಿಸುತ್ತದೆ. ಕೊಲೊರಾಡೊದಲ್ಲಿ ಮಾರಿದವರ ಉದ್ದೇಶವೇನಿತ್ತು ಎಂಬ ಪ್ರಶ್ನೆ ಏಳುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರ ಹುಡುಕುವ ಹೊತ್ತಿಗೆ ಮಾರಿದವರು ಬದುಕಿರುವುದೇ ಅನುಮಾನ.

ಎರಡನೆಯದು ಕಾಲುವೆ ಕಂಪನಿಯ ಷೇರು. ಇಲ್ಲಿ ಡಿಕ್ರಿ ಕಂಪನಿಯ ಹೆಸರಿನಲ್ಲಿರುತ್ತದೆ, ರೈತನ ಕೈಯಲ್ಲಿರುವುದು ಷೇರು ಪ್ರಮಾಣಪತ್ರ ಮಾತ್ರ. ಆದ್ದರಿಂದ ನೀರಿನ ಹಕ್ಕಿನ ದಾಖಲೆ ಇಡುವ ರಾಜ್ಯ ಎಂಜಿನಿಯರ್ ಕಚೇರಿಯಲ್ಲಿ ಮಾರಾಟಗಾರನ ಹೆಸರು ಹುಡುಕಿ ಸಿಗಲಿಲ್ಲವೆಂದು ನೀರೇ ಇಲ್ಲವೆಂಬ ತೀರ್ಮಾನಕ್ಕೆ ಬರಬೇಡಿ. ಕಂಪನಿಯ ಕಾರ್ಯದರ್ಶಿಯ ಬಳಿಯಿರುವ ಷೇರು ಪುಸ್ತಕವನ್ನು ತೆರೆಸಿ ನೋಡಿ, ವಾರ್ಷಿಕ ವಂತಿಗೆಯ ಬಾಕಿಯಿದೆಯೇ, ಪ್ರಮಾಣಪತ್ರವನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಾರೆಯೇ, ಷೇರನ್ನು ಕಾಲುವೆಯ ಕೆಳಗಿನ ಜಮೀನಿನಿಂದಾಚೆಗೆ ಒಯ್ಯದಂತೆ ಕಂಪನಿಯ ನಿಯಮಾವಳಿ ತಡೆಯುತ್ತದೆಯೇ ಎಂದು ಕೇಳಿ. ಕೇಂದ್ರದ ನೀರಾವರಿ ಯೋಜನೆಯ ನೀರು ಇದಕ್ಕೂ ಬಿಗಿಯಾದದ್ದು. ಅದು ಒಪ್ಪಂದದ ನೀರು, ಆ ಒಪ್ಪಂದ ಗುರುತಿಸಿದ ಜಮೀನಿಗೆ ಅಂಟಿಕೊಂಡದ್ದು, ಆ ನೀರನ್ನು ಹಂಚುವ ನೀರಾವರಿ ಜಿಲ್ಲೆ ಎಂಬ ಸಂಸ್ಥೆಯ ಒಪ್ಪಿಗೆಯಿಲ್ಲದೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೂರನೆಯದು ಕೇಂದ್ರ ಸರ್ಕಾರದ ಕಾಯ್ದಿರಿಸಿದ ಹಕ್ಕು. 1908ರ ವಿಂಟರ್ಸ್ ತೀರ್ಪು ಮಿಲ್ಕ್ ನದಿಯ ನೀರಿನ ಮೇಲೆ ಫೋರ್ಟ್ ಬೆಲ್‌ನಾಪ್‌ನ ಬುಡಕಟ್ಟುಗಳಿಗೆ ಇಂಥ ಹಕ್ಕಿದೆ ಎಂದಿತು. 1976ರ ಕ್ಯಾಪರ್ಟ್ ತೀರ್ಪು ನೆವಾಡದ ಡೆವಿಲ್ಸ್ ಹೋಲ್‌ನ ಪುಟ್ಟ ಮೀನುಗಳ ಸಲುವಾಗಿ ಅಕ್ಕಪಕ್ಕದ ಕೊಳವೆಬಾವಿಗಳ ಪಂಪಿಗೇ ಕಡಿವಾಣ ಹಾಕಿತು. 1978ರ ನ್ಯೂ ಮೆಕ್ಸಿಕೊ ತೀರ್ಪು, ಕಾಯ್ದಿರಿಸಿದ ಮುಖ್ಯ ಉದ್ದೇಶಕ್ಕೆ ಬೇಕಾದಷ್ಟು ನೀರು ಮಾತ್ರ ಸಿಗುತ್ತದೆ, ಉಳಿದ ಉದ್ದೇಶಗಳಿಗೆ ಸರ್ಕಾರವೂ ಎಲ್ಲರಂತೆ ರಾಜ್ಯದ ಬಾಗಿಲು ತಟ್ಟಬೇಕು ಎಂದು ಅದಕ್ಕೆ ಮಿತಿ ಹಾಕಿತು. ವ್ಯವಹಾರಕ್ಕೆ ಇಳಿಯುವವರು ನೆನಪಿಡಬೇಕಾದದ್ದು ಇಷ್ಟು: ಈ ಹಕ್ಕು ಸರ್ಕಾರ ಭೂಮಿಯನ್ನು ಒಂದು ಉದ್ದೇಶಕ್ಕೆ ಮೀಸಲಿಟ್ಟದ್ದರಿಂದ ಹುಟ್ಟಿದ್ದು. ಆ ಭೂಮಿ ಖಾಸಗಿಯವರ ಕೈಗೆ ಹೋದಾಗ ಆ ಹಕ್ಕು ಜೊತೆಯಲ್ಲಿ ಹೋಗುವುದಿಲ್ಲ. ಬುಡಕಟ್ಟಿನ ಸದಸ್ಯರಿಗೆ ಹಂಚಿಕೆಯಾದ ಭೂಮಿಯನ್ನು ಕೊಂಡವರ ವಿಷಯ ಬೇರೆ; ಅವರಿಗೆ ಕಾಯ್ದಿರಿಸಿದ ನೀರಿನಲ್ಲಿ ಒಂದು ಪಾಲು ದೊರೆಯುತ್ತದೆಂದು 1981ರ ವಾಲ್ಟನ್ ತೀರ್ಪು ಹೇಳಿದ್ದರೂ ಅದು ಪರಿಣತ ವಕೀಲರಿಗೆ ಬಿಡಬೇಕಾದ ಪ್ರತ್ಯೇಕ ಕ್ಷೇತ್ರ.

ಕೊನೆಯದಾಗಿ, ಆ ಜಮೀನಿನ ಮೇಲೆಯೇ ಇದ್ದರೂ ಮೂರನೆಯವರಿಗೆ ಸೇರಿದ ನೀರು. ಜನರು ಹೆಚ್ಚಾಗಿ ಎಡವುವುದು ಇಲ್ಲಿ. ಸರ್ಕಾರ ಬಿಟ್ಟುಕೊಡುವ ಜಮೀನಿನ ಭಾಗದಲ್ಲಿ ಇದನ್ನು ಬಿಡಿಸಿ ಹೇಳಿದೆ.

ದಾಖಲೆಯನ್ನು ಓದುವ ಕ್ರಮ

ಒಂದು ನೀರಿನ ಹಕ್ಕಿನ ದಾಖಲೆಯಲ್ಲಿ ಸಾಮಾನ್ಯವಾಗಿ ಆರು ಸಂಗತಿಗಳಿರುತ್ತವೆ: ನೀರಿನ ಮೂಲ, ಆದ್ಯತಾ ದಿನಾಂಕ (ಸರದಿಯಲ್ಲಿ ಹಕ್ಕಿನ ಸ್ಥಾನವನ್ನು ನಿರ್ಧರಿಸುವ ದಿನ), ಪ್ರಮಾಣ, ನೀರು ತಿರುಗಿಸುವ ಸ್ಥಳ, ಬಳಸುವ ಉದ್ದೇಶ ಮತ್ತು ಋತು, ಬಳಸುವ ಜಾಗ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹಕ್ಕು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಬಳಸುವ ಜಾಗದಿಂದಲೇ ಓದಲು ತೊಡಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪಶ್ಚಿಮದ ಸರ್ವೆಯಲ್ಲಿ ಒಂದು ಸೆಕ್ಷನ್ 640 ಎಕರೆ. ಅದರ ಕಾಲುಭಾಗದ ಕಾಲುಭಾಗ 40 ಎಕರೆ. ದಾಖಲೆಯಲ್ಲಿ "14ನೆಯ ಸೆಕ್ಷನ್‌ನ ಈಶಾನ್ಯ ಕಾಲುಭಾಗದ ನೈಋತ್ಯ ಕಾಲುಭಾಗ" ಎಂದಿದ್ದರೆ ಆ ನಲವತ್ತು ಎಕರೆ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆಂದು ಗುರುತು ಹಾಕಿ, ವಿನಿಮಯಕ್ಕೆ ಇಟ್ಟಿರುವ ತುಂಡಿನ ಗಡಿಯನ್ನು ಅದರ ಮೇಲೆ ಎಳೆಯಿರಿ. ಹಕ್ಕು 160 ಎಕರೆಗೆ ಇದ್ದು, ವ್ಯವಹಾರಕ್ಕೆ ಬಂದಿರುವುದು ಅದರಲ್ಲಿ 100 ಎಕರೆ ಮಾತ್ರ ಎಂಬುದು ಹಲವು ಬಾರಿ ಈ ಹಂತದಲ್ಲೇ ಹೊರಬೀಳುತ್ತದೆ. ಐಡಹೊದಲ್ಲಿ ನೀರಾವರಿಗೆ ಸಾಮಾನ್ಯ ಮಿತಿ 50 ಎಕರೆಗೆ ಒಂದು ಕ್ಯೂಸೆಕ್. ಹಾಗಾದರೆ 160 ಎಕರೆಯ ಹಕ್ಕು 3.2 ಕ್ಯೂಸೆಕ್, ಅದನ್ನು ಒಡೆದರೆ ಒಬ್ಬರಿಗೆ 2 ಕ್ಯೂಸೆಕ್, ಇನ್ನೊಬ್ಬರಿಗೆ 1.2 ಕ್ಯೂಸೆಕ್. ಎರಡಕ್ಕೂ ಒಂದೇ ಆದ್ಯತಾ ದಿನಾಂಕ. ಲೆಕ್ಕ ಕಾಗದದ ಮೇಲೆ ಸಲೀಸು, ಆದರೆ 1.2 ಕ್ಯೂಸೆಕ್ ನೀರನ್ನು ಒಂಟಿಯಾಗಿ ಎರಡು ಮೈಲಿ ಮಣ್ಣಿನ ಕಾಲುವೆಯಲ್ಲಿ ಬಿಟ್ಟರೆ ಜಿನುಗಿ ಇಂಗಿದ್ದು ಕಳೆದು ಹೊಲದ ಬಾಯಿಗೆ ಬರುವುದೆಷ್ಟು ಎಂಬುದನ್ನು ಕಾಗದ ಹೇಳುವುದಿಲ್ಲ. ಇಂಥ ಕಡೆ ಇಬ್ಬರೂ ನೀರನ್ನು ಒಟ್ಟಿಗೆ ಹರಿಸಿ ಸರದಿಯಲ್ಲಿ ಬಳಸುವ ಒಡಂಬಡಿಕೆಯನ್ನು ವ್ಯವಹಾರ ಮುಗಿಯುವ ಮೊದಲೇ ಬರೆದುಕೊಳ್ಳಬೇಕು. ಮುಗಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಪ್ರಮಾಣದ ಮಾನದ ವಿಷಯದಲ್ಲಿಯೂ ಕಣ್ಣು ತೆರೆದಿರಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಅದು ಒಂದು ಹಗಲು ಒಂದು ರಾತ್ರಿ ಹರಿದರೆ ಹತ್ತಿರಹತ್ತಿರ 2 ಎಕರೆ-ಅಡಿ ನೀರಾಗುತ್ತದೆ. ಒಂದು ಎಕರೆ-ಅಡಿ, ಅಂದರೆ ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರು, ಸುಮಾರು 12.33 ಲಕ್ಷ ಲೀಟರ್. ಹಳೆಯ ಡಿಕ್ರಿಗಳು ಇವೆರಡನ್ನೂ ಬಿಟ್ಟು ಗಣಿಗಾರರ ಇಂಚಿನಲ್ಲಿ ಲೆಕ್ಕ ಹೇಳುತ್ತವೆ, ಆ ಇಂಚೋ ರಾಜ್ಯ ದಾಟಿದರೆ ಬದಲಾಗುತ್ತದೆ: ಒಂದು ಕ್ಯೂಸೆಕ್‌ಗೆ ಐಡಹೊದಲ್ಲಿ 50 ಇಂಚು, ಮೊಂಟಾನಾದಲ್ಲಿ 40, ಕೊಲೊರಾಡೊದಲ್ಲಿ 38.4. ನೂರು ಇಂಚಿನ ಹಕ್ಕು ಎಂಬ ಮಾತು ಕೇಳಿ ಬೆಲೆ ಮಾತನಾಡುವ ಮೊದಲು ಯಾವ ರಾಜ್ಯದ ಇಂಚು ಎಂದು ಕೇಳುವುದು ಹಾಸ್ಯವಲ್ಲ, ಐಡಹೊದ ಇಂಚಿಗೂ ಮೊಂಟಾನಾದ ಇಂಚಿಗೂ ಅಷ್ಟರಲ್ಲೇ ಅರ್ಧ ಕ್ಯೂಸೆಕ್ ವ್ಯತ್ಯಾಸ ಬೀಳುತ್ತದೆ.

ಆದ್ಯತಾ ದಿನಾಂಕ ಹಳೆಯದಾದಷ್ಟೂ ಹಕ್ಕಿಗೆ ಬಲ ಹೆಚ್ಚು ಎಂಬುದು ಸರಿಯೇ. ಆದರೆ ಕೊಲೊರಾಡೊದಲ್ಲಿ ನೀರನ್ನು ಮೊದಲು ಬಳಸಿದ ದಿನಾಂಕದ ಜೊತೆಗೆ ನ್ಯಾಯಾಲಯಕ್ಕೆ ಹೋಗಿ ಹಕ್ಕನ್ನು ಸ್ಥಿರಪಡಿಸಿಕೊಂಡ ವರ್ಷವೂ ಲೆಕ್ಕಕ್ಕೆ ಬರುತ್ತದೆ; ಬಳಕೆ ಹಳೆಯದಾಗಿದ್ದು ನ್ಯಾಯಾಲಯಕ್ಕೆ ತಡವಾಗಿ ಹೋದವನು, ಅವನಿಗಿಂತ ಮೊದಲೇ ಹೋದವರ ಹಿಂದೆ ನಿಲ್ಲಬೇಕಾಗುತ್ತದೆ. ಇದರ ಜೊತೆಗೆ ಆ ಕಣಿವೆಯಲ್ಲಿ ಎಲ್ಲರ ಹಕ್ಕನ್ನೂ ಒಟ್ಟಾಗಿ ತೀರ್ಮಾನಿಸುವ ಸಾಮೂಹಿಕ ಹಕ್ಕು ನಿರ್ಣಯದ ಮೊಕದ್ದಮೆ ನಡೆದಿದೆಯೇ ಎಂದು ನೋಡಬೇಕು. 1952ರ ಮೆಕ್ಯಾರನ್ ತಿದ್ದುಪಡಿಯ ಬಲದಿಂದ ಇಂಥ ಮೊಕದ್ದಮೆಗೆ ಕೇಂದ್ರ ಸರ್ಕಾರವನ್ನೂ ರಾಜ್ಯದ ನ್ಯಾಯಾಲಯಕ್ಕೆ ಎಳೆಯಬಹುದು. ಐಡಹೊದ ಸ್ನೇಕ್ ನದೀಕಣಿವೆಯ ನಿರ್ಣಯ 1987ರಲ್ಲಿ ಆರಂಭವಾಗಿ 2014ರಲ್ಲಿ ಅಂತಿಮ ಡಿಕ್ರಿ ಕಂಡಿತು. ಅರಿಜೋನಾದ ಗಿಲಾ ನದಿಯದು 1970ರ ದಶಕದಿಂದ ಎಳೆಯುತ್ತಲೇ ಇದೆ. ಮೊಕದ್ದಮೆ ಮುಗಿದ ಕಣಿವೆಯಲ್ಲಿ ಡಿಕ್ರಿಯನ್ನು ನಂಬಿ ಮುಂದುವರಿಯಬಹುದು. ಮುಗಿಯದ ಕಡೆ ಕೊಳ್ಳುವವರು ಪಡೆಯುವುದು ಹಕ್ಕಿನ ಜೊತೆಗೆ ಒಂದು ವ್ಯಾಜ್ಯದ ಪಾಲನ್ನು. ಕಕ್ಷಿದಾರರ ಹೆಸರು ಬದಲಾಯಿಸುವ ಅರ್ಜಿಯನ್ನು ಅಲ್ಲಿ ಕೂಡಲೇ ಹಾಕಬೇಕು.

ಒಡೆತನದ ದೋಷಕ್ಕೆ ಪರಿಹಾರ ಕೊಡುವ ಟೈಟಲ್ ವಿಮೆಯಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ವಿಮಾ ಪತ್ರದ ವಿನಾಯಿತಿಗಳ ಪಟ್ಟಿಯನ್ನು ಒಮ್ಮೆ ಓದಲಿ. ಪಶ್ಚಿಮದ ರಾಜ್ಯಗಳಲ್ಲಿ ಪೇಟೆಂಟ್ ಆಗದ ಗಣಿ ಹಕ್ಕು, ಪೇಟೆಂಟ್‌ನಲ್ಲಿ ಕಾಯ್ದಿರಿಸಿದ ಸಂಗತಿಗಳು, ನೀರಿನ ಹಕ್ಕು ಈ ಮೂರೂ ಒಂದೇ ಉಸಿರಿನಲ್ಲಿ ವಿಮೆಯಿಂದ ಹೊರಗಿರುವುದು ವಾಡಿಕೆ. ಹಾಗಾಗಿ ನೀರಿನ ಹಕ್ಕಿನ ಕೈಬದಲಾವಣೆಯ ಸರಪಳಿಯನ್ನು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ ನೋಂದಣಿ ಪುಸ್ತಕದಲ್ಲಿ ಜಮೀನಿನ ಸರಪಳಿಯಿಂದ ಬೇರೆಯಾಗಿಯೇ ಹಿಂಬಾಲಿಸಬೇಕು. ಮಧ್ಯೆ ಯಾರೋ ಒಬ್ಬರು ಜಮೀನು ಮಾರಿ ನೀರನ್ನು ತಮಗೇ ಉಳಿಸಿಕೊಂಡಿದ್ದರೆ ಅದು ಗೊತ್ತಾಗುವುದು ಹೀಗೆ ಹುಡುಕಿದಾಗಲೇ.

ಕಾಲುವೆಯ ಬಳಿಗೆ ಹೋಗಿ ನೋಡುವುದು

ಈ ವ್ಯವಸ್ಥೆಯಲ್ಲಿ ಬಳಕೆಯೇ ಹಕ್ಕಿನ ಅಳತೆ, ಬಳಕೆಯೇ ಅದರ ಎಲ್ಲೆ. ಬಳಸದೆ ಬಿಟ್ಟ ನೀರು ಕೈತಪ್ಪುತ್ತದೆ: ಐಡಹೊ, ಒರೆಗಾನ್, ವಯೋಮಿಂಗ್‌ಗಳಲ್ಲಿ ಐದು ವರ್ಷ, ಯೂಟಾದಲ್ಲಿ ಏಳು ವರ್ಷ ಬಳಸದಿದ್ದರೆ ಹಕ್ಕು ಲೋಪಕ್ಕೆ ಗುರಿಯಾಗುತ್ತದೆ, ಕೊಲೊರಾಡೊದಲ್ಲಿ ಹತ್ತು ವರ್ಷ ಬಳಸದಿದ್ದರೆ ಅದನ್ನು ತೊರೆದಂತೆ ಎಂಬ ಊಹೆ ಎದ್ದು, ಅಲ್ಲವೆಂದು ಸಾಧಿಸುವ ಹೊಣೆ ಒಡೆಯನ ಮೇಲೆ ಬೀಳುತ್ತದೆ. ಆದ್ದರಿಂದ ಡಿಕ್ರಿಯಲ್ಲಿ 3.2 ಎಂದಿದ್ದರೆ ತೂಬಿನ ಬಳಿ ಹೋಗಿ ಎಷ್ಟು ಹರಿಯುತ್ತಿದೆ ಎಂದು ನೋಡುವವರೆಗೆ ಆ ಅಂಕಿಯನ್ನು ನಂಬಬಾರದು.

ಬಹುತೇಕ ಕಾಲುವೆಗಳ ತಲೆಯಲ್ಲಿ ಪಾರ್ಶಲ್ ಫ್ಲೂಮ್ ಎಂಬ ಅಳತೆಯ ತೊಟ್ಟಿಯಿರುತ್ತದೆ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ರಾಲ್ಫ್ ಪಾರ್ಶಲ್ 1920ರ ದಶಕದಲ್ಲಿ ರೂಪಿಸಿದ ಈ ಸಾಧನ ಬಾಯಿ ಅಗಲವಾಗಿ, ನಡುವೆ ಗಂಟಲಿನಂತೆ ಕಿರಿದಾಗಿ, ಮತ್ತೆ ಅಗಲವಾಗುತ್ತದೆ. ಗಂಟಲಿನ ಅಗಲ ಒಂದು ಅಡಿಯಿದ್ದು, ಅದರ ಮೇಲ್ಭಾಗದ ಗೋಡೆಗೆ ಬಡಿದ ಅಳತೆಪಟ್ಟಿಯಲ್ಲಿ ನೀರು ಅರ್ಧ ಅಡಿಯ ಗೆರೆಗೆ ನಿಂತಿದ್ದರೆ ಹರಿವು ಸುಮಾರು 1.39 ಕ್ಯೂಸೆಕ್. 3.2 ಕ್ಯೂಸೆಕ್ ಹರಿಯಬೇಕಾದರೆ ನೀರು 0.86 ಅಡಿಯ ಹತ್ತಿರ ಬರಬೇಕು. ಫ್ಲೂಮಿನ ಗೋಡೆಯ ಮೇಲಿನ ಪಾಚಿಯ ಕಲೆ ಯಾವ ಎತ್ತರದವರೆಗೆ ಇದೆಯೆಂದು ನೋಡಿದರೆ ಆ ಋತುವಿನಲ್ಲಿ ಎಷ್ಟು ಹರಿದಿರಬಹುದು ಎಂಬ ಅಂದಾಜು ಸಿಗುತ್ತದೆ. ತೂಬಿನ ತಿರುಪು ತುಕ್ಕು ಹಿಡಿದು ಅಲುಗದೆ ನಿಂತಿದ್ದರೆ, ಕಾಲುವೆಯ ತಳದಲ್ಲಿ ತೊಡೆಗಾತ್ರದ ವಿಲೋ ಮರ ಬೆಳೆದಿದ್ದರೆ ಆ ನೀರು ಎಷ್ಟೋ ವರ್ಷದಿಂದ ಹರಿದಿಲ್ಲ. ವೈಮಾನಿಕ ಚಿತ್ರಗಳನ್ನು ವರ್ಷವಾರು ಜೋಡಿಸಿ ಹೊಲ ಯಾವ ಯಾವ ಬೇಸಿಗೆಯಲ್ಲಿ ಹಸಿರಾಗಿತ್ತೆಂದು ನೋಡುವುದು ಇದಕ್ಕೆ ಪೂರಕ. ಎಲ್ಲಕ್ಕಿಂತ ಮಿಗಿಲಾಗಿ ಆ ಕಾಲುವೆಯ ವಾಟರ್‌ಮಾಸ್ಟರ್‌ನನ್ನು, ಅಂದರೆ ಅಲ್ಲಿನ ನೀರುಗಂಟಿಯನ್ನು ಮಾತನಾಡಿಸಬೇಕು. ಆತನ ದಿನಚರಿ ಪುಸ್ತಕದಲ್ಲಿ ಯಾವ ದಿನ ಯಾರ ತೂಬಿಗೆ ಎಷ್ಟು ನೀರು ಬಿಟ್ಟದ್ದು ಎಂಬುದಿರುತ್ತದೆ, ಅಭಾವದ ವರ್ಷ ಯಾವ ದಿನಾಂಕದ ಹಕ್ಕಿನವರೆಗೆ ನೀರು ಬಂದಿತ್ತು ಎಂಬುದು ಆತನ ನಾಲಿಗೆಯ ತುದಿಯಲ್ಲಿರುತ್ತದೆ.

ಸರ್ಕಾರ ಬಿಟ್ಟುಕೊಡುವ ಜಮೀನಿನಲ್ಲಿ

ಸರ್ಕಾರದಿಂದ ಜಮೀನು ಪಡೆಯುವವರು ಮೊದಲು ನೋಡಬೇಕಾದದ್ದು ಬುಗ್ಗೆಗಳನ್ನು. ಅಧ್ಯಕ್ಷ ಕೂಲಿಜ್ 1926ರ ಏಪ್ರಿಲ್ 17ರಂದು ಹೊರಡಿಸಿದ ಆದೇಶ, 107ನೆಯ ಸಾರ್ವಜನಿಕ ಜಲ ಮೀಸಲು ಎಂದು ಹೆಸರಾದದ್ದು, ಸರ್ವೆಯಾದ ಸಾರ್ವಜನಿಕ ಭೂಮಿಯಲ್ಲಿ ಬುಗ್ಗೆ ಅಥವಾ ನೀರಿನ ಗುಂಡಿಯಿರುವ ಅತಿ ಚಿಕ್ಕ ತುಂಡನ್ನೂ, ಸರ್ವೆಯಾಗದ ಕಡೆ ಬುಗ್ಗೆಯ ಸುತ್ತ ಕಾಲು ಮೈಲಿಯನ್ನೂ ಜನಬಳಕೆಗೆ ಮೀಸಲಿಟ್ಟಿತು. ಒಣನಾಡಿನಲ್ಲಿ ಒಂದು ಬುಗ್ಗೆಯನ್ನು ಹಿಡಿದವನು ಸುತ್ತಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನೇ ಹಿಡಿದಂತೆ ಎಂಬುದು ಈ ಆದೇಶದ ಹಿಂದಿದ್ದ ಭಯ. ಹೀಗೆ ಮೀಸಲಾದ ತುಂಡನ್ನು ಬಿಟ್ಟುಕೊಡುವ ಮೊದಲು ಮೀಸಲನ್ನು ತೆಗೆದುಹಾಕಬೇಕು. ತೆಗೆದ ಮೇಲೆ ಕೇಂದ್ರದ ಕಾಯ್ದಿರಿಸಿದ ಹಕ್ಕು ಅಲ್ಲಿ ಉಳಿಯದು, ಪಡೆದವರು ಆ ಬುಗ್ಗೆಯ ನೀರಿಗೆ ರಾಜ್ಯದ ಮುಂದೆ ಹೊಸ ಅರ್ಜಿ ಹಾಕಬೇಕು, ಆದ್ಯತಾ ದಿನಾಂಕವೂ ಹೊಸದೇ. ಅಷ್ಟು ಹೊತ್ತಿಗೆ ಕಣಿವೆಯಲ್ಲಿ ಹೊಸ ಹಂಚಿಕೆ ನಿಂತಿದ್ದರೆ ಅರ್ಜಿಗೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಕಣ್ಣೆದುರು ಬುಗ್ಗೆ ಜಿನುಗುತ್ತಿದೆ ಎಂಬ ಕಾರಣಕ್ಕೆ ಜಮೀನಿಗೆ ಹೆಚ್ಚಿನ ಬೆಲೆ ಒಪ್ಪಿಕೊಳ್ಳಬೇಡಿ.

ರಾಜ್ಯದ ಕಾನೂನಿನಂತೆ ಸರ್ಕಾರದ ಹೆಸರಿನಲ್ಲೇ ದಾಖಲಾದ ಹಕ್ಕುಗಳಿದ್ದರೆ ಅವು ಪೇಟೆಂಟ್‌ನ ಹೊರಗೆ ಪ್ರತ್ಯೇಕ ಪತ್ರದಿಂದ ವರ್ಗವಾಗಬೇಕು. ಇಲಾಖೆ ಆ ನೀರನ್ನು ತನ್ನ ಪಕ್ಕದ ಭೂಮಿಯ ತೊಟ್ಟಿಗಳಿಗಾಗಿ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡರೆ ಪೈಪು ಹಾದುಹೋಗುವ ಹಕ್ಕನ್ನು ಪೇಟೆಂಟ್‌ನಲ್ಲೇ ಬರೆಸಿಕೊಳ್ಳುತ್ತದೆ, ಜಮೀನಿನ ಬೆಲೆ ಅಷ್ಟರಮಟ್ಟಿಗೆ ಇಳಿಯಬೇಕೆಂದು ಕೇಳುವುದು ಪಡೆಯುವವರ ಕೆಲಸ. ಪೇಟೆಂಟ್‌ನಲ್ಲಿ 1890ರ ಆಗಸ್ಟ್ 30ರ ಕಾಯ್ದೆಯನ್ನು ಉಲ್ಲೇಖಿಸಿ, ಸರ್ಕಾರದ ಅಧಿಕಾರದಿಂದ ಕಟ್ಟಲಾಗುವ ಕಾಲುವೆಗಳಿಗೆ ದಾರಿಯನ್ನು ಕಾಯ್ದಿರಿಸಿದೆ ಎಂಬ ಸಾಲನ್ನು ಕಂಡು ಗಾಬರಿಯಾಗುವವರುಂಟು. ಅದು ಪಶ್ಚಿಮದ ಪೇಟೆಂಟ್‌ಗಳಲ್ಲಿ ವಾಡಿಕೆಯಾಗಿ ಬರುವ ಸಾಲು. ಅದಕ್ಕಿಂತ ಹೆಚ್ಚು ಗಮನ ಬೇಕಾದದ್ದು, 1866ರ ಕಾಯ್ದೆಯ ಕಾಲದಿಂದ ಆ ಜಮೀನಿನ ಅಡ್ಡಕ್ಕೆ ಹರಿಯುತ್ತಿರುವ ನೆರೆಯವರ ಕಾಲುವೆಗಳಿಗೆ. 1976ರ ಕಾಯ್ದೆ ಮುಂದಕ್ಕೆ ಅಂಥ ದಾರಿಗಳನ್ನು ನಿಲ್ಲಿಸಿತಾದರೂ ಅದಾಗಲೇ ಇದ್ದವನ್ನು ಉಳಿಸಿತು. ಆ ಕಾಲುವೆ ಕೌಂಟಿಯ ಪುಸ್ತಕದಲ್ಲಿ ಇಲ್ಲದಿದ್ದರೂ ನೆಲದ ಮೇಲಿದ್ದರೆ ಅದರ ಹೂಳೆತ್ತಲು ನೆರೆಯವರು ಬಂದೇ ಬರುತ್ತಾರೆ.

ಮೂರನೆಯವರ ನೀರಿನ ಮಾತನ್ನು ಈಗ ಹೇಳಬಹುದು. ಸಾರ್ವಜನಿಕ ಭೂಮಿಯಲ್ಲಿ ತಲೆಮಾರುಗಳಿಂದ ದನ ಮೇಯಿಸಿದ ರ‍್ಯಾಂಚಿನವರು ಅಲ್ಲಿನ ಹಳ್ಳಕೊಳ್ಳಗಳಲ್ಲಿ ದನಗಳಿಗೆ ನೀರು ಕುಡಿಸಿ ತಮ್ಮದೇ ಹಕ್ಕನ್ನು ಗಳಿಸಿರಬಹುದು. ಐಡಹೊದ ಸುಪ್ರೀಂ ಕೋರ್ಟ್ 2007ರಲ್ಲಿ ಜಾಯ್ಸ್ ಲೈವ್‌ಸ್ಟಾಕ್ ಪ್ರಕರಣದಲ್ಲಿ ಇಂಥ ಹಕ್ಕು ದನಗಳಿಗೆ ನೀರು ಕುಡಿಸಿದ ರ‍್ಯಾಂಚಿನವರದು, ತನ್ನದೇ ದನಗಳಿಲ್ಲದ ಕೇಂದ್ರ ಸರ್ಕಾರದ್ದಲ್ಲ ಎಂದು ತೀರ್ಪಿತ್ತಿತು. ಇದರ ಪರಿಣಾಮವೇನೆಂದರೆ, ನೀವು ವಿನಿಮಯದಲ್ಲಿ ಪಡೆದ ಹುಲ್ಲುಗಾವಲಿನ ನಡುವಿನ ಹಳ್ಳದ ನೀರಿನ ಹಕ್ಕು ಐದು ಮೈಲಿ ಆಚೆಯ ರ‍್ಯಾಂಚಿಗೆ ಅಂಟಿಕೊಂಡಿರಬಹುದು. ಮೇವಿನ ಪರವಾನಗಿಯಿರುವ ಭೂಮಿಯನ್ನು ಬಿಟ್ಟುಕೊಟ್ಟು ಪರವಾನಗಿಯನ್ನು ರದ್ದು ಮಾಡುವ ಮೊದಲು ಪರವಾನಗಿದಾರನಿಗೆ ಎರಡು ವರ್ಷದ ಮುನ್ಸೂಚನೆ ಕೊಡಬೇಕು, ಆತ ಅನುಮತಿ ಪಡೆದು ಕಟ್ಟಿದ ತೊಟ್ಟಿ, ಪೈಪುಗಳಿಗೆ ತಕ್ಕ ಪರಿಹಾರ ಕೊಡಬೇಕು ಎಂಬ ನಿಯಮವೂ ಇದೆ. ಆ ಎರಡು ವರ್ಷವನ್ನು ಕಾಯುವ ಕಾಲ ಎಂದು ಕಳೆಯದೆ, ಆತನ ನೀರಿನ ಹಕ್ಕಿನ ಬಗ್ಗೆ ಕುಳಿತು ಮಾತನಾಡುವುದಕ್ಕೆ ಬಳಸಿಕೊಂಡರೆ ಎಷ್ಟೋ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಸರ್ಕಾರಕ್ಕೆ ಹೋಗುವ ಜಮೀನಿನಲ್ಲಿ

ಇಲ್ಲಿ ಅಪಾಯ ತಿರುವುಮುರುವಾಗುತ್ತದೆ. ಇಲಾಖೆ ಹೊಳೆದಡದ ರ‍್ಯಾಂಚನ್ನು ವನ್ಯಜೀವಿಗಳಿಗಾಗಿ ಪಡೆದು, ಉಳುಮೆ ನಿಲ್ಲಿಸಿ, ತೂಬು ಮುಚ್ಚಿ, ನೀರು ಹೊಳೆಯಲ್ಲೇ ಹರಿಯಲಿ ಎಂದು ಬಿಟ್ಟರೆ ಅದು ನೋಡಲು ಚೆನ್ನ, ಆದರೆ ರಾಜ್ಯದ ಕಣ್ಣಿಗೆ ಅದು ಬಳಸದ ನೀರು. ಕೊಲೊರಾಡೊದಲ್ಲಿ ಹೊಳೆಯಲ್ಲಿ ನೀರು ಉಳಿಸುವ ಹಕ್ಕನ್ನು 1973ರ ಕಾನೂನಿನಂತೆ ಆ ರಾಜ್ಯದ ಜಲ ಸಂರಕ್ಷಣಾ ಮಂಡಳಿ ಮಾತ್ರ ಹೊಂದಬಹುದು. ಆದ್ದರಿಂದ ಇಲಾಖೆ ಮಂಡಳಿಯೊಂದಿಗೆ ಒಪ್ಪಂದ ಮಾಡಿಕೊಂಡು ಜಲ ನ್ಯಾಯಾಲಯದಲ್ಲಿ ಬದಲಾವಣೆಯ ಡಿಕ್ರಿ ಪಡೆಯಬೇಕಾಗುತ್ತದೆ. ಐಡಹೊದಲ್ಲಿ ಬಳಸದ ಹಕ್ಕನ್ನು ರಾಜ್ಯದ ಜಲ ಬ್ಯಾಂಕಿನಲ್ಲಿ ಇರಿಸಿದರೆ ಆ ಅವಧಿಯಲ್ಲಿ ಲೋಪದಿಂದ ರಕ್ಷಣೆಯಿದೆ. ಇನ್ನೊಂದು ಸರಳ ಉಪಾಯವೆಂದರೆ, ಬದಲಾವಣೆಯ ಕೆಲಸ ಮುಗಿಯುವವರೆಗೆ ಹಳೆಯ ಒಡೆಯನಿಗೇ ಹೊಲವನ್ನು ಗುತ್ತಿಗೆಗೆ ಕೊಟ್ಟು ಹುಲ್ಲು ಬೆಳೆಸುವುದು.

ವಿನಿಮಯದ ಪ್ರಕ್ರಿಯೆ ಹಲವು ವರ್ಷ ಹಿಡಿಯುವುದುಂಟು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೇಗಿದ್ದರೂ ಸರ್ಕಾರಕ್ಕೆ ಹೋಗುವ ಜಮೀನು ಎಂದು ಮಾಲೀಕ ಮೊದಲ ವರ್ಷವೇ ಬೇಸಾಯ ಬಿಟ್ಟರೆ, ಕಾಗದಪತ್ರ ಮುಗಿಯುವ ಹೊತ್ತಿಗೆ ಹಕ್ಕು ಲೋಪದ ಅಂಚಿಗೆ ಬಂದಿರುತ್ತದೆ. ವಿನಿಮಯವನ್ನು ಆರಂಭಿಸುವ ಒಪ್ಪಂದದಲ್ಲೇ ನೀರಿನ ಹಕ್ಕುಗಳನ್ನು ಸಂಖ್ಯೆಸಹಿತ ಪಟ್ಟಿ ಮಾಡಿ, ವ್ಯವಹಾರ ಮುಗಿಯುವವರೆಗೆ ಪ್ರತಿ ಋತುವಿನಲ್ಲೂ ನೀರನ್ನು ಬಳಸಿ ಅಳತೆಯ ದಾಖಲೆ ಇಡುವ ಹೊಣೆ ಇಂಥವರದು ಎಂದು ಬರೆಯಬೇಕು. ಈ ಒಂದು ವಾಕ್ಯವನ್ನು ಬರೆಯದೆ ಬಿಟ್ಟದ್ದಕ್ಕಾಗಿ ಹಾಳಾದ ಒಪ್ಪಂದಗಳೇ ಹೆಚ್ಚೆಂದು ನನಗೆ ಅನ್ನಿಸುತ್ತದೆ.

ಸರ್ಕಾರ ಪಡೆದ ಮಾತ್ರಕ್ಕೆ ಆ ಭೂಮಿಗೆ ಹಳೆಯ ದಿನಾಂಕದ ಕಾಯ್ದಿರಿಸಿದ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಇಲಾಖೆಯವರಿಗೂ ಮಾರಾಟಗಾರನ 1880ರ ದಶಕದ ಡಿಕ್ರಿಯೇ ಬಂಗಾರ. ಅದನ್ನು ಬೇಡವೆಂದು ಬಿಟ್ಟು ಮುಂದೆ ಹೊಸ ಅರ್ಜಿ ಹಾಕುವುದು ಜಾಣತನವಲ್ಲ.

ಬೆಲೆ ಕಟ್ಟುವಾಗ

ಮಾರಾಟದಲ್ಲಿ ಸರ್ಕಾರ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕೊಡುವಂತಿಲ್ಲ. ವಿನಿಮಯದಲ್ಲಿ ಎರಡೂ ಕಡೆಯ ಬೆಲೆ ಸಮನಾಗಿರಬೇಕು, ಇಲ್ಲವಾದರೆ ವ್ಯತ್ಯಾಸವನ್ನು ಹಣದಲ್ಲಿ ತುಂಬಬೇಕು, ಆ ಹಣ ಸರ್ಕಾರ ಬಿಟ್ಟುಕೊಡುವ ಭೂಮಿಯ ಬೆಲೆಯ ಶೇಕಡ 25ನ್ನು ಮೀರಬಾರದು. ನೀರಿನ ಹಕ್ಕು ಒಂದು ಕಡೆಯಿಂದ ಕಳಚಿಕೊಂಡರೆ ತಕ್ಕಡಿ ಈ ಮಿತಿಯನ್ನೇ ದಾಟಿ ವಾಲಬಹುದು. ಆದ್ದರಿಂದ ಮೌಲ್ಯಮಾಪಕರಿಗೆ ಕೊಡುವ ಸೂಚನೆಯಲ್ಲಿ ಯಾವ ಹಕ್ಕು ಸೇರಿದೆ, ಯಾವುದು ಸೇರಿಲ್ಲ ಎಂಬುದು ಸ್ಪಷ್ಟವಿರಬೇಕು. ನೀರಾವರಿ ಜಮೀನಿನ ಬೆಲೆಯನ್ನೂ ಹೇಳಿ, ಅದರ ಮೇಲೆ ನೀರಿನ ಬೆಲೆಯನ್ನು ಮತ್ತೊಮ್ಮೆ ಕೂಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು.

ನೀರನ್ನು ಬೇರೆ ಬಳಕೆಗೆ ತಿರುಗಿಸುವ ಆಸೆಯಿಂದ ಬೆಲೆ ಕಟ್ಟುವವರು ತಿರುಗಿಸಿದ ಪ್ರಮಾಣಕ್ಕೂ ಖರ್ಚಾದ ಪ್ರಮಾಣಕ್ಕೂ ಇರುವ ಭೇದವನ್ನು ತಿಳಿದಿರಬೇಕು. ಉದಾಹರಣೆಗೆ 160 ಎಕರೆಗೆ ಎಕರೆಯೊಂದಕ್ಕೆ 4 ಅಡಿಯಂತೆ 640 ಎಕರೆ-ಅಡಿ ತಿರುಗಿಸಿ, ಬೆಳೆ ಅದರಲ್ಲಿ 320ನ್ನು ಹೀರಿ, ಉಳಿದ 320 ಹಿಂದಿರುಗಿ ಹೊಳೆ ಸೇರುತ್ತಿತ್ತೆಂದು ಇಟ್ಟುಕೊಳ್ಳೋಣ. ಬಳಕೆಯನ್ನು ಬದಲಾಯಿಸುವಾಗ ಕೈಗೆ ಸಿಗುವುದು ಆ ಹೀರಿಕೊಂಡ 320 ಮಾತ್ರ. ಹಿಂದಿರುಗುತ್ತಿದ್ದ ನೀರಿನ ಮೇಲೆ ಕೆಳಗಿನ ಕಾಲುವೆಯವರು ಬದುಕಿದ್ದಾರೆ, ಅವರಿಗೆ ಹಾನಿಯಾಗುವ ಬದಲಾವಣೆಗೆ ರಾಜ್ಯ ಒಪ್ಪುವುದಿಲ್ಲ.

ಕಾಗದಪತ್ರ ಮತ್ತು ಆಮೇಲಿನ ಕೆಲಸ

ಪ್ರಸ್ತಾಪಿತ ವಿನಿಮಯದ ಪ್ರಕಟಣೆ ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಂದು ಅಭಿಪ್ರಾಯ ಹೇಳಲು 45 ದಿನವಿರುತ್ತದೆ. ಕಾಲುವೆ ಕಂಪನಿಗಳೂ ನೆರೆಯವರೂ ತಮ್ಮ ದಾರಿ ಮತ್ತು ನೀರಿನ ಹಕ್ಕನ್ನು ಲಿಖಿತವಾಗಿ ಹೇಳಿಕೊಳ್ಳಬೇಕಾದ ಸಮಯ ಇದೇ.

ಕ್ರಯಪತ್ರದಲ್ಲಿ "ಜಮೀನಿಗೆ ಸಂಬಂಧಿಸಿದ ಎಲ್ಲ ನೀರಿನ ಹಕ್ಕುಗಳೊಂದಿಗೆ" ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು ಸಾಲದು. ಪ್ರತಿ ಹಕ್ಕಿನ ಸಂಖ್ಯೆ, ಮೂಲ, ದಿನಾಂಕ, ಪ್ರಮಾಣ, ವರ್ಗವಾಗುವ ಪಾಲು, ಕಾಲುವೆ ಮತ್ತು ತೂಬಿನಲ್ಲಿರುವ ಹಿಸ್ಸೆ, ಬಾವಿಯ ಪರವಾನಗಿ ಇವೆಲ್ಲವನ್ನೂ ಹೆಸರಿಸಿ ಪ್ರತ್ಯೇಕ ಜಲ ಕ್ರಯಪತ್ರ ಬರೆಸುವುದು ಉತ್ತಮ. ಉಳಿಸಿಕೊಳ್ಳುವ ಹಕ್ಕಿದ್ದರೆ ಅದನ್ನೂ ಅಷ್ಟೇ ವಿವರವಾಗಿ ಬರೆಯಬೇಕು. ಕ್ವಿಟ್‌ಕ್ಲೇಮ್ ಪತ್ರ, ಅಂದರೆ ತನಗೇನಾದರೂ ಹಕ್ಕಿದ್ದರೆ ಅದನ್ನು ಬಿಟ್ಟಿದ್ದೇನೆ ಎನ್ನುವ ಪತ್ರ, ಹಕ್ಕಿರುವುದಕ್ಕೆ ಭರವಸೆ ಕೊಡುವುದಿಲ್ಲ. ನೀರೇ ವ್ಯವಹಾರದ ಜೀವಾಳವಾಗಿದ್ದರೆ ಖಾಸಗಿಯವರಿಂದ ಭರವಸೆಯುಳ್ಳ ಪತ್ರವನ್ನೇ ಕೇಳಬೇಕು. ಪೇಟೆಂಟ್, ಜಮೀನಿನ ಕ್ರಯಪತ್ರ, ಜಲ ಕ್ರಯಪತ್ರ, ಹಿಂಬರಹ ಮಾಡಿದ ಷೇರು ಪ್ರಮಾಣಪತ್ರ ಈ ನಾಲ್ಕೂ ಎಸ್ಕ್ರೊ ಮಧ್ಯವರ್ತಿಯ, ಅಂದರೆ ಷರತ್ತುಗಳು ಪೂರೈಸುವವರೆಗೆ ಪತ್ರಗಳನ್ನು ಹಿಡಿದಿಟ್ಟುಕೊಳ್ಳುವವರ ಕೈಸೇರಿ, ಒಂದೇ ದಿನ ಬಿಡುಗಡೆಯಾಗಬೇಕು.

ನೋಂದಣಿಯಾದ ಮೇಲೆ ರಾಜ್ಯದ ಜಲ ಇಲಾಖೆಗೆ ಮಾಲೀಕತ್ವ ಬದಲಾದ ಸೂಚನೆ ಕೊಡಬೇಕು. ಐಡಹೊದಲ್ಲಿ ಇದಕ್ಕೆ 120 ದಿನಗಳ ಗಡುವಿದೆ. ಕೊಡದಿದ್ದರೆ ಹಕ್ಕು ಹೋಗದಿರಬಹುದು, ಆದರೆ ನೆರೆಯವರ ಬದಲಾವಣೆಯ ಅರ್ಜಿಯ ನೋಟಿಸು ಹಳೆಯ ಒಡೆಯನ ವಿಳಾಸಕ್ಕೆ ಹೋಗಿ, ಆಕ್ಷೇಪಣೆಯ ಗಡುವು ನಿಮಗೆ ತಿಳಿಯದೆಯೇ ದಾಟುತ್ತದೆ. ಕಾಲುವೆ ಕಂಪನಿಯಿಂದ ಹೊಸ ಹೆಸರಿನ ಪ್ರಮಾಣಪತ್ರ ಪಡೆದು ಮೊದಲ ವಂತಿಗೆ ಕಟ್ಟಿ, ನೀರುಗಂಟಿಗೆ ಹೊಸ ಒಡೆಯರ ಫೋನ್ ಸಂಖ್ಯೆ ಕೊಟ್ಟು, ವಸಂತದಲ್ಲಿ ತೂಬು ತೆರೆದ ದಿನವೇ ಫ್ಲೂಮಿನ ಅಳತೆಪಟ್ಟಿಯ ಫೋಟೊ ತೆಗೆದು ದಿನಾಂಕದೊಂದಿಗೆ ಕಡತದಲ್ಲಿ ಇಟ್ಟುಕೊಳ್ಳಬೇಕು.